ಕ್ವಾಂಟಮ್ ಲಾಕೆಟ್ಟು, ಲಗ್ನಪತ್ರಿಕೆ ಇತ್ಯಾದಿ

ನಮ್ಮ ಭಾವನವರು ಕೊರಳಿಗೆ ಕಪ್ಪು ಬಿಲ್ಲೆಯೊಂದನ್ನು ಕಟ್ಟಿಕೊಂಡು ಓಡಾಡಲು ಶುರುಮಾಡಿ ಮೂರು ತಿಂಗಳಾಯಿತು. ನೋಡಲು ಥೇಟ್ ಕೇರಂ ಸ್ಟ್ರೈಕರು; ಬೆಲೆ ಮೂರೂವರೆ ಸಾವಿರ. “ಇದೇನು ಭಾವ, ಸಾಡೇಸಾತಿಯೇ?” ಎಂದೆ. ಅವರು ನನ್ನ ಅಜ್ಞಾನಕ್ಕೆ ಮರುಗಿ, “ಕ್ವಾಂಟಮ್ ಕಣಯ್ಯ” ಎಂದರು. ಅದರಿಂದ ಶಕ್ತಿಯ ಅಲೆಗಳು ಹೊರಟು ರಕ್ತ ತಿಳಿಯಾಗುತ್ತದಂತೆ, ನಿದ್ದೆ ಬರುತ್ತದಂತೆ, ಮಂಡಿನೋವು ಓಡಿಹೋಗುತ್ತದಂತೆ. ಮಾರಿದವನು ಹೋಟೆಲೊಂದರಲ್ಲಿ ಸೆಮಿನಾರ್ ಇಟ್ಟು, ಪುಕ್ಕಟೆ ಉಪ್ಪಿಟ್ಟು ತಿನ್ನಿಸಿ, ತಿಂದವರು ಕೈತೊಳೆಯುವುದರೊಳಗೆ ಕೊರಳಿಗೆ ಕಟ್ಟಿದ್ದಾನೆ. “ಮಂಡಿ ಈಗ ಹೇಗಿದೆ?” “ನೋವಿದೆ. ಆದರೆ ಮೊದಲಿನ ಥರದ ನೋವಲ್ಲ.” ಹೆಚ್ಚಿದೆಯೋ ಕಡಿಮೆಯಾಗಿದೆಯೋ ಅವರು ಹೇಳಲಿಲ್ಲ, ನಾನು ಕೆದಕಲಿಲ್ಲ. ಮೂರೂವರೆ ಸಾವಿರ ಕೊಟ್ಟವರ ಮಂಡಿಯನ್ನು ಹೆಚ್ಚು ಪ್ರಶ್ನೆ ಕೇಳಬಾರದು.

ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರು ತಿಕ್ಕಿ ನಿವೃತ್ತನಾದವನು. ನನ್ನ ಕಾಲದಲ್ಲಿ ಈ ಗೌರವ ‘ಎಲೆಕ್ಟ್ರಾನಿಕ್’ ಎಂಬ ಪದಕ್ಕಿತ್ತು. ಆಮೇಲೆ ‘ಡಿಜಿಟಲ್’ಗೆ ಬಂತು, ನಡುವೆ ಕೆಲವು ದಿನ ‘ನ್ಯಾನೋ’ ಮೆರೆಯಿತು. ಈಗ ಕ್ವಾಂಟಮ್ಮಿನ ಪಾಳಿ. ಬೆಂಗಳೂರಿನಲ್ಲಂತೂ ಕೇಳುವುದೇ ಬೇಡ. ಹೆಸರಘಟ್ಟದ ಕಡೆ ಆರೆಕರೆ ಚಿಲ್ಲರೆ ಜಾಗದಲ್ಲಿ ಕ್ವಾಂಟಮ್ ಸಿಟಿಯನ್ನೇ ಕಟ್ಟುತ್ತೇವೆ ಎಂದು ಸರ್ಕಾರ ಹೇಳಿದೆ. ಕೇಂದ್ರದವರು 2023ರ ಏಪ್ರಿಲ್‌ನಲ್ಲೇ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿದರು. ಆರು ಸಾವಿರ ಕೋಟಿ ನನಗೆ ಅರ್ಥವಾಗುತ್ತದೆ, ದೊಡ್ಡವರ ವ್ಯವಹಾರ. ಕೊನೆಯ ಅರವತ್ತೈದು ಲಕ್ಷ ಯಾವ ಬಾಬ್ತಿಗೆ ಎಂಬುದು ಮಾತ್ರ ಲೆಡ್ಜರ್ ತಿಕ್ಕಿದ ಜೀವಕ್ಕೆ ಇಂದಿಗೂ ಕೊರೆಯುತ್ತಿದೆ.

ನಮ್ಮ ಮನೆಯಲ್ಲಿ ಈ ವಿಷಯ ಗೊತ್ತಿರುವವಳು ಒಬ್ಬಳೇ, ಭಾವನವರ ಮಗಳು, ನನ್ನ ಸೋದರಸೊಸೆ. ಕ್ವಾಂಟಮ್ ಕಂಪ್ಯೂಟರಿನಲ್ಲೇ ಸಂಶೋಧನೆ ಮಾಡುತ್ತಾಳೆ. ಅಪ್ಪನ ಲಾಕೆಟ್ಟನ್ನು ಕಂಡ ದಿನ ಅವಳು ಏನೂ ಮಾತಾಡದೆ ಎದ್ದು ಹೋಗಿ, ಬಚ್ಚಲಲ್ಲಿ ಐದು ನಿಮಿಷ ನಕ್ಕು ಬಂದಳು ಎಂದು ಅಕ್ಕ ಹೇಳಿದಳು.

ಈಗ ಅವಳ ಅಣ್ಣನ ಮದುವೆ. ಲಗ್ನಪತ್ರಿಕೆ ಹಂಚುವ ಕೆಲಸ ಶುರುವಾಗಿದೆ. ಬೆಂಗಳೂರಿನಲ್ಲಿ ಲಗ್ನಪತ್ರಿಕೆ ಹಂಚುವುದಕ್ಕಿಂತ ಮದುವೆಯಾಗುವುದು ಸುಲಭ. ಒಬ್ಬರು ಯಲಹಂಕದಲ್ಲಿ, ಅವರ ತಮ್ಮ ಕೆಂಗೇರಿಯಲ್ಲಿ, ಇಬ್ಬರಿಗೂ ಮಾತಿಲ್ಲ, ಆದ್ದರಿಂದ ಒಬ್ಬರ ಕೈಲಿ ಇನ್ನೊಬ್ಬರಿಗೆ ಕಳಿಸುವಂತಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ “ನಾವು ಅಷ್ಟು ದೂರದವರಾಗಿಬಿಟ್ಟೆವಾ?” ಕಾರಿನಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಹೊರಟರೆ ಸಿಲ್ಕ್ ಬೋರ್ಡಿನಲ್ಲಿ ಅರ್ಧ ಮುಹೂರ್ತ ಮುಗಿದಿರುತ್ತದೆ. ಭಾವನವರು ಪಟ್ಟಿಯನ್ನು ಮಗಳ ಮುಂದೆ ಹಿಡಿದು, “ನಿನ್ನ ಕ್ವಾಂಟಮ್ ಕಂಪ್ಯೂಟರ್‌ಗೆ ಹಾಕಿ ಹತ್ತಿರದ ದಾರಿ ತೆಗಿ. ಅದು ಎಲ್ಲಾ ದಾರಿಗಳನ್ನೂ ಒಟ್ಟಿಗೇ ನೋಡಿಬಿಡುತ್ತಂತಲ್ಲ, ಪೇಪರಿನಲ್ಲಿ ಬಂದಿತ್ತು” ಎಂದರು.

“ಅದು ಆಗಲ್ಲಪ್ಪ” ಎಂದಳು ಹುಡುಗಿ.

ಆರು ಸಾವಿರ ಕೋಟಿ ಕೊಟ್ಟ ದೇಶಕ್ಕೆ ಯಲಹಂಕದ ದಾರಿ ಗೊತ್ತಿಲ್ಲವೆಂದರೆ! ನನ್ನೊಳಗಿನ ಆಡಿಟರು ಎದ್ದು ಕೂತ. “ಹಾಗಾದರೆ ಅದು ಏನು ಮಾಡುತ್ತದಮ್ಮ? ನಮ್ಮ ಕಂಪ್ಯೂಟರ್ ಮಾಡಲಾರದ್ದನ್ನು ಅದು ಮಾಡುವುದಾದರೂ ಏನು?” ಎಂದು ಕೇಳಿದೆ. ಅಕ್ಕ ಅಡುಗೆಮನೆಯಿಂದ ಕಾಫಿ ತಂದಿಟ್ಟಳು. ಹುಡುಗಿ ಕಾಫಿ ಹೀರಿ, ತಣ್ಣಗೆ, “ಏನೂ ಇಲ್ಲ ಮಾಮ” ಎಂದಳು.

ನಾನು ಗಾಬರಿಯಾದೆ. ಅವಳು ಬಿಡಿಸಿ ಹೇಳಿದಳು. ಲೆಕ್ಕ ಎಂದು ಕರೆಸಿಕೊಳ್ಳುವ ಯಾವುದನ್ನೇ ಆಗಲಿ ಕ್ವಾಂಟಮ್ ಕಂಪ್ಯೂಟರ್ ಮಾಡಿದರೆ ನಮ್ಮ ಸಾಧಾರಣ ಕಂಪ್ಯೂಟರೂ ಮಾಡಬಲ್ಲುದು. ಕಾಗದ ಪೆನ್ಸಿಲ್ ಕೊಟ್ಟರೆ ಮಾಮನೂ ಮಾಡಬಲ್ಲ. 1936ರಲ್ಲಿ ಅಲನ್ ಟ್ಯೂರಿಂಗ್ ‘ಇದನ್ನು ಯಾವ ಯಂತ್ರವೂ ಬಿಡಿಸಲಾರದು’ ಎಂದು ತೋರಿಸಿಕೊಟ್ಟ ಸಮಸ್ಯೆಗಳನ್ನು ಕ್ವಾಂಟಮ್ಮೂ ಬಿಡಿಸಲಾರದು. ವ್ಯತ್ಯಾಸವಿರುವುದು ಒಂದೇ ಕಡೆ: ಎಷ್ಟು ಹೊತ್ತು ಬೇಕು? ಕೆಲವು ಲೆಕ್ಕಗಳಿಗೆ ನಮ್ಮ ಯಂತ್ರ ಭೂಮಿ ಸೂರ್ಯರ ಆಯುಸ್ಸನ್ನೂ ಮೀರಿದ ಕಾಲ ಕೇಳುತ್ತದೆ, ಅದು ಬೆಳಗಿನಿಂದ ಸಂಜೆಯೊಳಗೆ ಮುಗಿಸಬಹುದು.

“ಅಂದರೆ ನಮ್ಮ ಎಎಲ್‌ಪಿಎಂ ಕೂಡ ಮಾಡುತ್ತಿತ್ತು ಅನ್ನು” ಎಂದೆ. ಎಳೆಯರಿಗೆ ಗೊತ್ತಿರಲಿಕ್ಕಿಲ್ಲ: ಬ್ಯಾಂಕುಗಳಿಗೆ ಮೊದಮೊದಲು ಬಂದ ಲೆಡ್ಜರ್ ಬರೆಯುವ ಯಂತ್ರ ಅದು. ಮ್ಯಾನೇಜರಿಗೇ ಇಲ್ಲದ ಎ.ಸಿ. ಅದಕ್ಕಿತ್ತು. ನಾವು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗರ್ಭಗುಡಿಗೆ ಹೋದಂತೆ ಹೋಗುತ್ತಿದ್ದೆವು. ಈ ಕ್ವಾಂಟಮ್ ಮಹಾಶಯನ ಮಡಿ ಅದಕ್ಕಿಂತ ಹೆಚ್ಚಂತೆ. ಗೂಗಲ್, ಐಬಿಎಂಗಳಲ್ಲಿರುವಂಥ ಯಂತ್ರಗಳನ್ನು ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ ಇಟ್ಟಿರುತ್ತಾರೆ. ನಕ್ಷತ್ರಗಳ ನಡುವಿನ ಖಾಲಿ ಆಕಾಶವೂ ಅದರ ಮುಂದೆ ಸೆಕೆ. ಎಲ್ಲಿಂದಲೋ ಒಂದಿಷ್ಟು ಬಿಸಿ ತಗುಲಿದರೆ, ಯಾವುದೋ ಅಲೆ ಸೋಕಿದರೆ, ಅಷ್ಟಕ್ಕೇ ಅದರ ಲೆಕ್ಕ ಕೆಟ್ಟುಹೋಗುತ್ತದೆ. ಹೊಸ ಅಳಿಯನನ್ನು ಮೊದಲ ದೀಪಾವಳಿಗೆ ಕರೆದಾಗ ನಡೆದುಕೊಳ್ಳುವಷ್ಟು ನಾಜೂಕು ಬೇಕು.

ಇನ್ನು ಈ ‘ಎಲ್ಲವನ್ನೂ ಒಟ್ಟಿಗೇ ನೋಡುತ್ತದೆ’ ಎಂಬ ಪೇಪರಿನ ಮಾತು. ಹುಡುಗಿಗೆ ಸಿಟ್ಟು ಬರುವುದೇ ಇಲ್ಲಿ. ಸಾಧಾರಣ ಬಿಟ್ಟು ಸೊನ್ನೆ ಅಥವಾ ಒಂದು. ಕ್ವಾಂಟಮ್ ಯಂತ್ರದ ಬಿಟ್ಟು, ಅಂದರೆ ಕ್ಯೂಬಿಟ್ಟು, ಎರಡರ ಮಿಶ್ರಣ. ಹತ್ತು ಕ್ಯೂಬಿಟ್ಟು ಸೇರಿದರೆ 1,024 ಸಾಧ್ಯತೆಗಳ ಮಿಶ್ರಣ. 53 ಸೇರಿದರೆ ಒಂಬತ್ತು ಸಾವಿರ ಲಕ್ಷ ಕೋಟಿ. ಇಲ್ಲಿಯವರೆಗೆ ಪೇಪರಿನವರು ಸರಿ. ಆದರೆ ಇಣುಕಿ ನೋಡಿದ ಕೂಡಲೇ ಅಷ್ಟೂ ಮಾಯವಾಗಿ ಕೈಗೆ ಬರುವುದು ಒಂದೇ ಒಂದು ಉತ್ತರ, ಅದೂ ಕಣ್ಣುಮುಚ್ಚಿ ಆರಿಸಿದ ಚೀಟಿಯ ಹಾಗೆ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗೂ ಟಿಕ್ ಹಾಕಿದ ಬುದ್ಧಿವಂತನ ಪೇಪರನ್ನು ಮೇಷ್ಟರು ತೆಗೆದುಕೊಂಡು, ನಾಲ್ಕರಲ್ಲಿ ಯಾವುದೋ ಒಂದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸಿಬಿಟ್ಟರೆ ಹೇಗೋ ಹಾಗೆ. ಅಷ್ಟಕ್ಕೆ ಕ್ವಾಂಟಮ್ ಯಾಕೆ ಬೇಕು, ನಮ್ಮ ಬೀದಿಯ ಗಿಣಿಶಾಸ್ತ್ರದವನು ಸಾಕು.

“ಮತ್ತೆ ಚಮತ್ಕಾರ ಎಲ್ಲಿದೆ?”

“ನೀವು ಬ್ಯಾಂಕಿನವರಲ್ವಾ ಮಾಮ, ನಿಮಗೆ ಸುಲಭ. ಜಮೆ–ಖರ್ಚು.”

ಪ್ರತಿ ಸಾಧ್ಯತೆಗೂ ಕ್ಯೂಬಿಟ್ಟುಗಳು ಒಂದೊಂದು ಅಂಕ ಇಟ್ಟುಕೊಂಡಿರುತ್ತವಂತೆ. ಅದು ಬರೀ ಸಂಭವನೀಯತೆಯಲ್ಲ. ಸಂಭವನೀಯತೆ ಎಂದೂ ಸೊನ್ನೆಗಿಂತ ಕೆಳಗಿಳಿಯದು. ನಾಳೆ ಮಳೆ ಬರುವ ಸಂಭವ ಮೈನಸ್ ಮೂವತ್ತು ಎಂದು ಹವಾಮಾನ ಇಲಾಖೆಯವರೂ ಹೇಳಿದ್ದಿಲ್ಲ. ಈ ಅಂಕ ಮಾತ್ರ ಮೈನಸ್ಸೂ ಆಗಬಲ್ಲುದು. ಒಂದೇ ಉತ್ತರಕ್ಕೆ ಬೇರೆ ಬೇರೆ ದಾರಿಗಳಿಂದ ಬಂದ ಅಂಕಗಳು ಒಂದೇ ಖಾತೆಗೆ ಬೀಳುತ್ತವೆ. ಕೆಲವು ಜಮೆ, ಕೆಲವು ಖರ್ಚು. ಜಾಣತನವೆಲ್ಲ ಇರುವುದು ಲೆಕ್ಕವನ್ನು ಹೂಡುವುದರಲ್ಲಿ: ತಪ್ಪು ಉತ್ತರಗಳ ಖಾತೆಯಲ್ಲಿ ಜಮೆ ಖರ್ಚು ಹೊಡೆದುಹೋಗಿ ಬಾಕಿ ಸೊನ್ನೆಯಾಗಬೇಕು, ಸರಿಯುತ್ತರದ ಖಾತೆಯಲ್ಲಿ ಜಮೆಯ ಮೇಲೆ ಜಮೆ ಬಿದ್ದು ಮೊತ್ತ ಬೆಳೆಯಬೇಕು. ಆಮೇಲೆ ಇಣುಕಿದರೆ ಕಣ್ಣಿಗೆ ಬೀಳುವುದು ಅದೇ. ಆ ಸರಿಯುತ್ತರ ಯಾವುದೆಂದು ಲೆಕ್ಕ ಹೂಡುವವನಿಗೆ ಮುಂಚೆ ಗೊತ್ತಿರುವುದಿಲ್ಲ, ಆದರೂ ತಪ್ಪುಗಳು ತಾವೇ ಹೊಡೆದಾಡಿಕೊಂಡು ಸಾಯುವಂತೆ ಜಗಳ ಹಚ್ಚಬೇಕು. ನಮ್ಮ ದಾಯಾದಿಗಳಿಗೆ ಹೇಳಿಕೊಟ್ಟ ಹಾಗಿದೆ.

ಮೂವತ್ತನಾಲ್ಕು ವರ್ಷ ನಾನು ದಿನವೂ ಸಂಜೆ ಇದನ್ನೇ ಮಾಡಿದ್ದೆ, ಯಾರೂ ನನ್ನನ್ನು ಕ್ವಾಂಟಮ್ ಎನ್ನಲಿಲ್ಲ.

ಇಂಥ ಜಗಳ ಹಚ್ಚುವುದು ಎಲ್ಲ ಲೆಕ್ಕಕ್ಕೂ ಸಾಧ್ಯವಿಲ್ಲವಂತೆ. ಸಾಧ್ಯವಾದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಅವಳು ಹೇಳಿದ ಕತೆ ನನ್ನ ಹಳೇ ಕಸುಬಿಗೆ ನೇರ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ಕೂತುಕೊಳ್ಳೋಣ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ನಮ್ಮ ಬೆಂಗಳೂರಿನ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಉಳಿದವರು ಕಾಗದದ ಮೇಲೆ ಮಾಡಿದರೂ ಅರ್ಧ ಗಂಟೆ ಸಾಕು. ಈಗ ತಿರುವುಮುರುವು ಮಾಡಿ: ಉತ್ತರ ಕೊಟ್ಟು, ಇದು ಯಾವ ಎರಡರ ಗುಣಲಬ್ಧ ಎಂದು ಕೇಳಿ. ಎರಡನ್ನು 67 ಸಲ ಇಟ್ಟು ಗುಣಿಸಿ ಒಂದು ಕಳೆದರೆ 21 ಅಂಕಿಯ ಒಂದು ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, ಒಡೆಯುತ್ತದೆ ಎಂದು 1876ರಲ್ಲೇ ಫ್ರಾನ್ಸಿನ ಲೂಕಾಸ್ ತೋರಿಸಿದ್ದ. ಎಲ್ಲಿ ಒಡೆಯುತ್ತದೆ ಎಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಗಣಿತಜ್ಞ ಸಭೆಯೊಂದರಲ್ಲಿ ಎದ್ದುಬಂದು, ತುಟಿ ಪಿಟಕ್ಕೆನ್ನದೆ ಬೋರ್ಡಿನ ಮೇಲೆ 193707721 ಮತ್ತು 761838257287 ಎಂಬೆರಡು ಸಂಖ್ಯೆ ಬರೆದು, ಗುಣಿಸಿ ತೋರಿಸಿ, ಮಾತಾಡದೆ ಹೋಗಿ ಕೂತ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಎಂದನಂತೆ. (ಆ ಮನೆಯಾಕೆ ಏನೆಂದಳೋ ಇತಿಹಾಸದಲ್ಲಿಲ್ಲ.)

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಕೈಯಲ್ಲಿ. ಜಾಯಿಂಟ್ ಕಸ್ಟಡಿ ಎನ್ನುತ್ತಿದ್ದೆವು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ಆರ್‌ಎಸ್‌ಎ ಬೀಗವೂ ಹೀಗೇ: ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳು ಕೀಲಿಗಳು. ಚೋದ್ಯವೇನೆಂದರೆ ಎರಡನ್ನೂ ಗುಣಿಸಿ ಬಂದ ಸಂಖ್ಯೆಯನ್ನು ಬಾಗಿಲ ಮೇಲೇ ಬರೆದಿಟ್ಟಿರುತ್ತಾರೆ. ಬೇಕಾದವರು ನೋಡಿಕೊಳ್ಳಲಿ! ಎರಡು ಕೀಲಿಗಳನ್ನೂ ಕರಗಿಸಿ ಒಂದೇ ಗಟ್ಟಿ ಮಾಡಿ ಬಾಗಿಲಿಗೆ ನೇತುಹಾಕಿದ ಹಾಗೆ, ತಾಕತ್ತಿದ್ದರೆ ಬಿಡಿಸಿಕೋ. ಇಂಟರ್ನೆಟ್ಟಿನ ಗುಟ್ಟಿನ ಎಷ್ಟೋ ವ್ಯವಹಾರ ದಶಕಗಳಿಂದ ಇದೇ ಧೈರ್ಯದ ಮೇಲೆ ನಡೆದಿದೆ.

ಮೂವರೂ ಆ ವರ್ಷವೇ ಪತ್ರಿಕೆಯೊಂದರಲ್ಲಿ 129 ಅಂಕಿಯ ಸಂಖ್ಯೆಯೊಂದನ್ನು ಕೊಟ್ಟು, ಒಡೆದು ಗುಪ್ತ ಸಂದೇಶ ಓದಿದವರಿಗೆ ನೂರು ಡಾಲರ್ ಎಂದು ಪಂಥ ಕಟ್ಟಿದರು. ಒಡೆಯಲು ಕೋಟಿ ಕೋಟಿ ವರ್ಷ ಬೇಕು ಎಂಬ ಅಂದಾಜಿತ್ತು. ಹದಿನೇಳೇ ವರ್ಷಕ್ಕೆ, 1994ರ ಏಪ್ರಿಲ್‌ನಲ್ಲಿ, ಸುಮಾರು ಆರುನೂರು ಮಂದಿ ತಂತಮ್ಮ ಕಂಪ್ಯೂಟರುಗಳನ್ನು ಎಂಟು ತಿಂಗಳು ದುಡಿಸಿ ಒಡೆದೇಬಿಟ್ಟರು. ಒಳಗಿದ್ದ ಸಂದೇಶ: ಮಂತ್ರದ ಮಾತು ಯಾವುದೆಂದರೆ ‘ಸ್ಕ್ವೀಮಿಷ್ ಆಸಿಫ್ರೇಜ್’. ಹೇಸಿಕೊಳ್ಳುವ ಸ್ವಭಾವದ ಮೂಳೆಮುರುಕ ಹದ್ದು ಎಂದು ಅರ್ಥ ಹೇಳಬಹುದು. ಇಷ್ಟಕ್ಕಾಗಿ ಆರುನೂರು ಜನ, ಎಂಟು ತಿಂಗಳು!

ಹಾಗೆಂದು ಬೀಗ ಮುರಿದುಬೀಳಲಿಲ್ಲ, ಅಂಕಿ ಹೆಚ್ಚಿಸಿದರಾಯಿತು. ಈಗಿನ ಬೀಗಗಳಲ್ಲಿ ಸಾಮಾನ್ಯವಾಗಿ 617 ಅಂಕಿಯ ಸಂಖ್ಯೆಗಳಿರುತ್ತವೆ. ಅಷ್ಟಕ್ಕೆ ನಮಗೆ ಗೊತ್ತಿರುವ ಯಾವ ಉಪಾಯದಿಂದಲೂ ಈಗಿನ ಕಂಪ್ಯೂಟರುಗಳೆಲ್ಲ ಸೇರಿದರೂ ಕೈಹತ್ತುವುದಿಲ್ಲ. ಆದರೆ ಅದೇ 1994ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಪೀಟರ್ ಷೋರ್ ಎಂಬಾತ, ಇನ್ನೂ ಹುಟ್ಟದಿದ್ದ ಕ್ವಾಂಟಮ್ ಕಂಪ್ಯೂಟರಿಗೆ, ಈ ಬೀಗ ಒಡೆಯುವ ಯೋಗವಿದೆ ಎಂದು ಜಾತಕ ಬರೆದಿಟ್ಟ.

ಷೋರ್ ಮಾಡಿದ್ದನ್ನು ನಮ್ಮ ಹುಡುಗಿ ಲಗ್ನಪತ್ರಿಕೆಯ ಕವರಿನ ಹಿಂದೆ ಬರೆದು ತೋರಿಸಿದಳು. ಹದಿನೈದನ್ನು ಒಡೆಯಬೇಕು ಎಂದಿಟ್ಟುಕೊಳ್ಳಿ. ಏಳನ್ನು ಹಿಡಿಯಿರಿ. ಏಳರಿಂದ ಗುಣಿಸುತ್ತ ಹೋಗಿ, ಹದಿನೈದು ಮೀರಿದಾಗಲೆಲ್ಲ ಹದಿನೈದರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಏಳು. ಏಳೇಳಲಿ ನಲವತ್ತೊಂಬತ್ತು, ಶೇಷ ನಾಲ್ಕು. ನಾಲ್ಕೇಳಲಿ ಇಪ್ಪತ್ತೆಂಟು, ಶೇಷ ಹದಿಮೂರು. ಹದಿಮೂರೇಳಲಿ ತೊಂಬತ್ತೊಂದು, ಶೇಷ ಒಂದು. ಮತ್ತೆ ಏಳು. ಏಳು, ನಾಲ್ಕು, ಹದಿಮೂರು, ಒಂದು. ಏಳು, ನಾಲ್ಕು, ಹದಿಮೂರು, ಒಂದು. ನನ್ನ ಕೈ ತಂತಾನೇ ತೊಡೆಯ ಮೇಲೆ ಬಿತ್ತು. ತಾಳ! ನಾಲ್ಕಕ್ಕೆ ಒಂದು ಆವರ್ತ, ಶುದ್ಧ ಚತುರಶ್ರ.

“ಅದೇ ಮಾಮ. ತಾಳ ಸಿಕ್ಕಿತು ಅಂದರೆ ಒಡೆದ ಹಾಗೇ.” ಆವರ್ತ ನಾಲ್ಕು, ಅರ್ಧ ಎರಡು. ಏಳರ ವರ್ಗ 49. ಒಂದು ಕಡಿಮೆ 48, ಒಂದು ಹೆಚ್ಚು 50. 48ಕ್ಕೂ 15ಕ್ಕೂ ಮ.ಸಾ.ಅ. ಮೂರು, 50ಕ್ಕೂ 15ಕ್ಕೂ ಐದು. ಮೂರೈದಲಿ ಹದಿನೈದು. ಮಿಡ್ಲ್ ಸ್ಕೂಲಿನಲ್ಲಿ ಮ.ಸಾ.ಅ. ತಪ್ಪಿದ್ದಕ್ಕೆ ಬೆರಳ ಗಿಣ್ಣಿಗೆ ತಿಂದ ಏಟು ಐವತ್ತೈದು ವರ್ಷದ ಮೇಲೆ ಹೀಗೆ ಸಾರ್ಥಕವಾಯಿತು. ಕೆಲವೊಮ್ಮೆ ಆವರ್ತ ಬೆಸವಾಗಿ ಬಂದು ಕೈಕೊಡುತ್ತದೆ, ಆಗ ಏಳನ್ನು ಬಿಟ್ಟು ಬೇರೆ ಸಂಖ್ಯೆ ಹಿಡಿಯಬೇಕು, ಅಷ್ಟೆ.

ಹದಿನೈದಕ್ಕಾದರೆ ತೊಡೆ ಸಾಕು. 617 ಅಂಕಿಯ ಸಂಖ್ಯೆಗೆ ಆವರ್ತದ ಉದ್ದವೇ ನೂರಾರು ಅಂಕಿಯದು. ಪ್ರಳಯದವರೆಗೆ ತಟ್ಟಿದರೂ ಸಮಕ್ಕೆ ಬರುವುದಿಲ್ಲ. ಸಾಧಾರಣ ಕಂಪ್ಯೂಟರ್ ಸೋಲುವುದು ಇಲ್ಲೇ. ಕ್ವಾಂಟಮ್ ಗೆಲ್ಲುವುದೂ ಇಲ್ಲೇ. ಅದು ಎಲ್ಲ ಎಣಿಕೆಗಳನ್ನೂ ಒಂದೇ ಮಿಶ್ರಣದಲ್ಲಿ ಹಾಕಿಕೊಳ್ಳುತ್ತದೆ. ತಪ್ಪು ತಾಳದವರ ಪೆಟ್ಟುಗಳು ಒಂದು ಮೇಲೆ ಒಂದು ಕೆಳಗೆ ಬಿದ್ದು, ಜಮೆ ಖರ್ಚು ಹೊಡೆದುಹೋಗಿ, ನಿಶ್ಶಬ್ದ. ಸರಿ ತಾಳದ ಪೆಟ್ಟುಗಳು ಮಾತ್ರ ಒಂದರ ಮೇಲೊಂದು ಕೂಡಿ ಗಟ್ಟಿಯಾಗಿ ಕೇಳಿಸುತ್ತವೆ. ಕಚೇರಿಗೆ ತಡವಾಗಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಎರಡು ಕ್ಷಣದಲ್ಲಿ ಮಿಶ್ರಚಾಪು ಎಂದು ತಿಳಿದು ತಟ್ಟಲು ಶುರುಮಾಡುವ ಹಳೇ ರಸಿಕನ ಕೆಲಸ ಅದರದು.

ಅಲ್ಲಿಗೆ ಲಗ್ನಪತ್ರಿಕೆಯ ಸಂಗತಿಯೂ ತಿಳಿಯಾಯಿತು. ಸಂಖ್ಯೆಯ ಒಳಗೆ ತಾಳವಿದೆ, ಯಂತ್ರ ಹಿಡಿಯಿತು. ಯಲಹಂಕ, ಕೆಂಗೇರಿ, ವೈಟ್‌ಫೀಲ್ಡಿನ ನೆಂಟರ ಒಳಗೆ ಎಲ್ಲಿಯ ತಾಳ? ಬರೀ ಗದ್ದಲ. ಇಪ್ಪತ್ತು ಮನೆಗೆ ಹೋಗುವ ಕ್ರಮಗಳು 24 ಲಕ್ಷ ಲಕ್ಷ ಕೋಟಿಯಷ್ಟಿವೆ. ತಾಳವಿಲ್ಲದ ಇಂಥ ಹುಡುಕಾಟಕ್ಕೂ ಒಂದು ಸಣ್ಣ ಅನುಕೂಲ ಉಂಟು. ದೆಹಲಿ ಐಐಟಿಯಲ್ಲಿ ಓದಿ ಬೆಲ್ ಲ್ಯಾಬ್ಸ್ ಸೇರಿದ್ದ ಲವ್ ಗ್ರೋವರ್ 1996ರಲ್ಲಿ ತೋರಿಸಿದ್ದು: ಕ್ರಮವಿಲ್ಲದ ಒಂದು ಕೋಟಿ ಹೆಸರಿನ ರಾಶಿಯಲ್ಲಿ ಬೇಕಾದವರನ್ನು ಹುಡುಕಲು ನಮಗೆ ಸರಾಸರಿ ಐವತ್ತು ಲಕ್ಷ ಸಲ ನೋಡಬೇಕು, ಕ್ವಾಂಟಮ್ಮಿಗೆ ಸುಮಾರು ಎರಡೂವರೆ ಸಾವಿರ ಸಲ ಸಾಕು. ವರ್ಗಮೂಲದ ಲಾಭ. ಕೇಳಲು ಚೆನ್ನ. ಆದರೆ ಇದಕ್ಕಿಂತ ಹೆಚ್ಚು ಸಿಗುವುದೇ ಇಲ್ಲ ಎಂದೂ ಗಣಿತದಲ್ಲಿ ಸಿದ್ಧವಾಗಿದೆ. ನೆಂಟರ ಮನೆ ಇಪ್ಪತ್ತರಿಂದ ನಲವತ್ತಾದರೆ ಆ ವರ್ಗಮೂಲವೇ 24 ಅಂಕಿಯ ಸಂಖ್ಯೆ. ನಮ್ಮ ಪಟ್ಟಿಯಲ್ಲಿ ನೂರಾ ನಲವತ್ತು ಮನೆಗಳಿವೆ.

“ಮತ್ತೆ ಈ ದಾರಿ ಹುಡುಕೋದು ಹೇಗಮ್ಮ?” ಭಾವನವರ ದನಿ ಕುಗ್ಗಿತ್ತು.

“ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿಕೊಡ್ತೀನಿ ಬಿಡಪ್ಪ. ಎಲ್ಲಾ ದಾರಿ ನೋಡದೆಯೇ ಒಳ್ಳೇ ದಾರಿ ಹುಡುಕೋ ಉಪಾಯಗಳನ್ನ ಹಳೇ ಕಂಪ್ಯೂಟರಿನವರು ಎಂದೋ ಕಲಿತಿದ್ದಾರೆ.”

ಹಳೇ ಕಂಪ್ಯೂಟರಿನ ಮೇಲೆ ನನಗೆ ಆ ಕ್ಷಣ ಅಭಿಮಾನ ಉಕ್ಕಿತು. ನಮ್ಮವನು! ಇವನ ಮಾನ ಕಾಪಾಡಿದ ಇನ್ನೊಂದು ಪ್ರಸಂಗವಿದೆ. ನಿಮಗೆ ಯಾವ ಸಿನಿಮಾ ಇಷ್ಟವಾದೀತು ಎಂದು ಊಹಿಸುವ ಲೆಕ್ಕವನ್ನು ಕ್ವಾಂಟಮ್ ಕಂಪ್ಯೂಟರ್ ಸಾಧಾರಣದ್ದಕ್ಕಿಂತ ಎಷ್ಟೋ ಪಟ್ಟು ಬೇಗ ಮಾಡುತ್ತದೆ ಎಂದು 2016ರಲ್ಲಿ ಇಬ್ಬರು ಬರೆದಿದ್ದರು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಆರನ್‌ಸನ್ ಎಂಬ ಮೇಷ್ಟರು ತಮ್ಮ ವಿದ್ಯಾರ್ಥಿ ಈವಿನ್ ಟ್ಯಾಂಗ್‌ಗೆ, ಸಾಧಾರಣ ಕಂಪ್ಯೂಟರಿಗೆ ಅಷ್ಟು ವೇಗ ಸಾಧ್ಯವೇ ಇಲ್ಲ ಎಂದು ಸಾಧಿಸಿ ತೋರಿಸು ಎಂದು ಹೇಳಿದರು. ಟ್ಯಾಂಗ್‌ಗೆ ಹದಿನೆಂಟು. ಎಷ್ಟು ತಿಣುಕಿದರೂ ಸಾಧಿಸಲಾಗಲಿಲ್ಲ, ಯಾಕೆಂದರೆ ಅದು ಸುಳ್ಳಾಗಿತ್ತು. 2018ರಲ್ಲಿ ಆ ಹದಿನೆಂಟರ ವಿದ್ಯಾರ್ಥಿ ಸಾಧಾರಣ ಕಂಪ್ಯೂಟರಿಗೂ ಹೆಚ್ಚುಕಡಿಮೆ ಅಂಥದೇ ವೇಗದ ದಾರಿ ತೋರಿಸಿಬಿಟ್ಟರು. ಮೇಷ್ಟರು ಕೊಟ್ಟ ಹೋಂವರ್ಕನ್ನು ಮಾಡದೆಯೇ ಪ್ರಸಿದ್ಧರಾದ ಉದಾಹರಣೆ ನಮ್ಮ ಕಾಲದಲ್ಲಿ ಇರಲಿಲ್ಲ.

ಗೂಗಲ್ಲಿನವರ ಜಂಬವನ್ನೂ ಹೀಗೇ ಇಳಿಸಿದರು. 2019ರ ಅಕ್ಟೋಬರಿನಲ್ಲಿ ಅವರ ಸಿಕಮೋರ್ ಎಂಬ ಚಿಪ್ಪು 200 ಸೆಕೆಂಡಿನಲ್ಲಿ ಮಾಡಿದ ಲೆಕ್ಕಕ್ಕೆ ಆಗಿನ ಅತಿದೊಡ್ಡ ಕಂಪ್ಯೂಟರಿಗೆ 10,000 ವರ್ಷ ಬೇಕು ಎಂದು ಸಾರಿದರು. ಚಿಪ್ಪಿನಲ್ಲಿ 54 ಕ್ಯೂಬಿಟ್ಟಿದ್ದವು, ಒಂದು ಕೆಲಸ ಮಾಡುತ್ತಿರಲಿಲ್ಲ. ಜಗತ್ತಿನ ಎಲ್ಲ ಕಚೇರಿಗಳೂ ಒಂದೇ ಎಂದು ನನಗೆ ಸಮಾಧಾನವಾಯಿತು. ಪಕ್ಕದ ಮನೆಯ ಐಬಿಎಂನವರು ಕೂಡಲೇ, ಹತ್ತು ಸಾವಿರ ವರ್ಷವೇನೂ ಬೇಡ, ಎರಡೂವರೆ ದಿನ ಸಾಕು ಎಂದರು. ಆಮೇಲೆ ಚೀನಾದವರು ಗಂಟೆಗಳ ಲೆಕ್ಕಕ್ಕಿಳಿಸಿದರು. ಇಷ್ಟಕ್ಕೂ ಆ ಲೆಕ್ಕ ಯಾರಿಗೂ ಬೇಕಾದದ್ದಲ್ಲ, ಕ್ವಾಂಟಮ್ಮಿಗೆ ಸುಲಭ ಉಳಿದವರಿಗೆ ಕಷ್ಟ ಆಗಲೆಂದೇ ಹುಡುಕಿ ಕೊಟ್ಟದ್ದು. ಮೀನು, ಆನೆಗಳ ನಡುವೆ ಈಜು ಸ್ಪರ್ಧೆ ಇಟ್ಟ ಹಾಗೆ. ಮೀನು ಈಜುತ್ತದೆ ಎಂಬುದು ಸಾಬೀತಾಯಿತಲ್ಲ, ಅದೂ ಸಣ್ಣ ಮಾತಲ್ಲ ಎಂದಳು ಹುಡುಗಿ. 2024ರ ಡಿಸೆಂಬರಿನಲ್ಲಿ ಅದೇ ಗೂಗಲ್ಲಿನ ವಿಲೋ ಚಿಪ್ಪು ಇನ್ನೂ ದೊಡ್ಡ ಕೆಲಸ ಮಾಡಿತು: ಕ್ಯೂಬಿಟ್ಟುಗಳನ್ನು ಹೆಚ್ಚು ಹೆಚ್ಚು ಕೂಡಿಸಿ ಒಂದನ್ನೊಂದು ಕಾಯಲು ಬಿಟ್ಟಂತೆಲ್ಲ ತಪ್ಪುಗಳು ಕಡಿಮೆಯಾದವು. ಜನ ಹೆಚ್ಚಿದಷ್ಟೂ ತಪ್ಪು ಕಡಿಮೆಯಾಗುವುದು! ಮದುವೆ ಮನೆಯಲ್ಲಿ ಓಡಾಡಿದವರು ಇದನ್ನು ನಂಬುವುದಿಲ್ಲ.

“ಬೀಗ ಯಾವತ್ತು ಒಡೆಯುತ್ತೆ, ಅದು ಹೇಳು. ಎಫ್‌ಡಿ ತೆಗೆದುಬಿಡಲೋ?” ಭಾವನವರಿಗೆ ತಾಳಕ್ಕಿಂತ ಠೇವಣಿ ಮುಖ್ಯ.

ಅವಸರವಿಲ್ಲವಂತೆ. 2001ರಲ್ಲಿ ಐಬಿಎಂನ ಕ್ಯಾಲಿಫೋರ್ನಿಯಾ ಪ್ರಯೋಗಶಾಲೆಯವರು ಏಳು ಕ್ಯೂಬಿಟ್ಟುಗಳಲ್ಲಿ ಷೋರ್ ವಿಧಾನವನ್ನು ಮೊದಲ ಸಲ ನಡೆಸಿ, ಹದಿನೈದನ್ನು ಮೂರು ಮತ್ತು ಐದಾಗಿ ಒಡೆದರು. ಒಂದನೇ ಕ್ಲಾಸಿನ ಮಗ್ಗಿಗೆ ಇಷ್ಟು ದೊಡ್ಡ ಸಂಭ್ರಮ ಹಿಂದೆಂದೂ ನಡೆದಿರಲಿಕ್ಕಿಲ್ಲ. 617 ಅಂಕಿಯದನ್ನು ಒಡೆಯಲು ಎರಡು ಕೋಟಿ ಕ್ಯೂಬಿಟ್ಟು ಬೇಕು, ಎಂಟು ಗಂಟೆ ಹಿಡಿಯುತ್ತದೆ ಎಂದು 2019ರಲ್ಲಿ ಲೆಕ್ಕ ಹಾಕಿದ್ದರು. 2025ರಲ್ಲಿ ಅದೇ ಪಂಡಿತರಲ್ಲೊಬ್ಬರಾದ ಕ್ರೇಗ್ ಗಿಡ್ನಿ, ಹತ್ತು ಲಕ್ಷಕ್ಕೂ ಕಡಿಮೆ ಸಾಕು, ಒಂದು ವಾರದೊಳಗಾಗುತ್ತದೆ ಎಂದರು. ವಿಲೋದಲ್ಲಿರುವುದು 105. ನಮ್ಮ ಬೆಂಗಳೂರಿನದೇ ಕಂಪನಿಯೊಂದು 2025ರ ಏಪ್ರಿಲ್‌ನಲ್ಲಿ ಹೊರತಂದ ಯಂತ್ರದಲ್ಲಿ 25. ಆದರೂ ಬೀಗ ಬದಲಿಸುವ ಕೆಲಸ ಶುರುವಾಗಿದೆ. ತಾಳ ಹಿಡಿಯಲು ಸಿಗದಂಥ ಬೇರೆ ಗಣಿತದ ಬೀಗಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಇಷ್ಟು ಮುಂಚೆ ಯಾಕೆಂದರೆ, ಜಾಣ ಕಳ್ಳ ಬೀರುವನ್ನೇ ಇವತ್ತು ಹೊತ್ತುಕೊಂಡು ಹೋಗಿ ಹಿತ್ತಲಲ್ಲಿಟ್ಟು, ಕೀಲಿ ಸಿಗುವ ದಿನಕ್ಕೆ ಕಾಯಬಹುದು. ನನ್ನ ಬೀರುವಿನಲ್ಲಿ ಪಿಂಚಣಿ ಪುಸ್ತಕ ಬಿಟ್ಟರೆ ಏನೂ ಇಲ್ಲ, ಕಾಯಲಿ. ದೇಶದ ರಹಸ್ಯ ಇಟ್ಟವರ ಕತೆ ಬೇರೆ.

ಬೀಗ ಒಡೆಯುವುದೇ ಇದರ ಜನ್ಮೋದ್ದೇಶ ಎಂದುಕೊಳ್ಳಬೇಡಿ ಎಂದು ಹುಡುಗಿ ಲೋಟದ ತಳದಲ್ಲಿದ್ದ ಕಾಫಿ ತೋರಿಸಿದಳು. ಕೆಫೀನಿನ ಒಂದು ಅಣುವಿನಲ್ಲಿ ಇರುವುದು 24 ಪರಮಾಣು. ಅದರ ಎಲೆಕ್ಟ್ರಾನುಗಳ ಪೂರ್ತಿ ಸ್ಥಿತಿಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಬರೆದಿಡಲು ಹೊರಟರೆ, ಐಬಿಎಂನವರು ಹೇಳುವ ಲೆಕ್ಕದಲ್ಲಿ, ಒಂದರ ಮುಂದೆ 48 ಸೊನ್ನೆಯಷ್ಟು ಬಿಟ್ಟುಗಳು ಬೇಕು; ಭೂಮಿಯ ಪರಮಾಣುಗಳನ್ನೆಲ್ಲ ಎಣಿಸಿದರೂ ಅದರ ಸುಮಾರು ನೂರು ಪಟ್ಟಷ್ಟೇ ಆದಾವು. ತಪ್ಪೇ ಮಾಡದ ಕ್ಯೂಬಿಟ್ಟಾದರೆ 160 ಸಾಕು. ಔಷಧ, ಗೊಬ್ಬರ, ಬ್ಯಾಟರಿ, ಎಲ್ಲದರ ಒಳಗೂ ಇಂಥವೇ ಅಣುಗಳು. ರಿಚರ್ಡ್ ಫೈನ್‌ಮನ್ 1981ರಲ್ಲಿ ಎಂಐಟಿಯಲ್ಲಿ ಆಡಿದ ಮಾತಿನ ತಿರುಳೂ ಇದೇ ಅಂತೆ: ಪ್ರಕೃತಿ ನಡೆಯುವುದೇ ಕ್ವಾಂಟಮ್ ರೀತಿಯಲ್ಲಿ, ಅದನ್ನು ಅನುಕರಿಸುವ ಯಂತ್ರವೂ ಹಾಗೇ ಇರಲಿ. ಚಿಕ್ಕಮಗಳೂರಿನ ಒಂದು ಗಿಡ ಯಾವ ಫ್ರಿಜ್ಜೂ ಇಲ್ಲದೆ, ಬಿಸಿಲಲ್ಲಿ ನಿಂತು ಮಾಡುವ ಲೆಕ್ಕವನ್ನು ಮನುಷ್ಯ ಇಷ್ಟು ಕಷ್ಟಪಟ್ಟು ನಕಲು ಮಾಡಬೇಕಾಗಿದೆ. ಅಕ್ಕ ಇನ್ನೊಂದು ಲೋಟ ತಂದಳು. ಅವಳು ಹಾಕುವ ಚಿಕೋರಿಯ ಲೆಕ್ಕಕ್ಕೆ ಎಷ್ಟು ಕ್ಯೂಬಿಟ್ಟು ಬೇಕೋ ನಾನು ಕೇಳಲಿಲ್ಲ.

ಇಷ್ಟಾದರೂ ನನ್ನೊಳಗಿನ ಆಡಿಟರು ಸುಮ್ಮನಾಗಲಿಲ್ಲ. “ಎಷ್ಟು ವರ್ಷ ಕೊಟ್ಟರೂ ಹಳೇ ಕಂಪ್ಯೂಟರ್ ಮಾಡಲಾರದ್ದು ಒಂದಾದರೂ ಇಲ್ಲವೇ?”

ಒಂದಿದೆ ಎಂದಳು. ನಾಣ್ಯ ಚಿಮ್ಮುವುದು. ಸಾಧಾರಣ ಕಂಪ್ಯೂಟರಿಗೆ ಒಂದು ಸಂಖ್ಯೆ ಮನಸ್ಸಿಗೆ ಬಂದಂತೆ ಹೇಳು ಎಂದರೆ ಅದು ಸೂತ್ರ ಹಾಕಿ ಲೆಕ್ಕ ಮಾಡಿ ಹೇಳುತ್ತದೆ. ಸೂತ್ರ, ಮೊದಲ ಅಂಕಿ ಗೊತ್ತಿದ್ದವನು ಮುಂದಿನದೆಲ್ಲ ಹೇಳಿಬಿಡಬಹುದು. ನಿಜವಾದ ಯದ್ವಾತದ್ವಾ ಬೇಕೆಂದರೆ ಹೊರಗಿನಿಂದ ಕಡ ತರಬೇಕು. ಕ್ಯೂಬಿಟ್ಟನ್ನು ಸರಿಯಾಗಿ ನಡುವೆ ನಿಲ್ಲಿಸಿ ಇಣುಕಿದರೆ ಸೊನ್ನೆಯೋ ಒಂದೋ, ಯಂತ್ರಕ್ಕೂ ಮುಂಚೆ ಗೊತ್ತಿರುವುದಿಲ್ಲ, ಬ್ರಹ್ಮನಿಗೂ ಗೊತ್ತಿರುವುದಿಲ್ಲ. 

“ಈಗಲೇ ಚಿಮ್ಮಿ ತೋರಿಸಲಾ?” ಎಂದು ಲ್ಯಾಪ್‌ಟಾಪ್ ತೆಗೆದಳು. ಐಬಿಎಂನವರು 2016ರಿಂದಲೂ ತಮ್ಮ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಯಾರು ಬೇಕಾದರೂ ಬಳಸಲು ಬಿಟ್ಟಿದ್ದಾರೆ. ಇಲ್ಲಿ ಬಸವನಗುಡಿಯ ಹಜಾರದಲ್ಲಿ ಕೂತು ಅಲ್ಲೆಲ್ಲೋ ಪರಮ ಶೂನ್ಯದ ಹತ್ತಿರ ಮಲಗಿರುವ ಕ್ಯೂಬಿಟ್ಟನ್ನು ತಟ್ಟಿ ಎಬ್ಬಿಸಬಹುದು. ಪಂದ್ಯ ಏನಿರಲಿ ಎಂದು ಚರ್ಚೆಯಾಯಿತು. ಯಲಹಂಕಕ್ಕೆ ಪತ್ರಿಕೆ ಕೊಡಲು ಯಾರು ಹೋಗಬೇಕೆಂದು ಬೆಳಗಿನಿಂದ ಇತ್ಯರ್ಥವಾಗಿರಲಿಲ್ಲ. ಸೊನ್ನೆ ಬಂದರೆ ಭಾವ, ಒಂದು ಬಂದರೆ ನಾನು. ಭಾವನವರು ಲಾಕೆಟ್ಟನ್ನು ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಬಿಟ್ಟರು.

ಹುಡುಗಿ ಗುಂಡಿ ಒತ್ತಿದಳು. ಪರದೆಯ ಮೇಲೆ, ನೀವು ಸರತಿಯಲ್ಲಿದ್ದೀರಿ ಎಂದು ಬಂತು. ಕ್ಯೂ! ಮೂವತ್ತನಾಲ್ಕು ವರ್ಷ ಕೌಂಟರಿನ ಆ ಕಡೆ ಕೂತು ಜನರನ್ನು ಕಾಯಿಸಿದವನು ಈಗ ಈ ಕಡೆ ಕೂತೆ. ಎರಡನೇ ಲೋಟವೂ ಮುಗಿಯಿತು. ಕೊನೆಗೆ ಟಿಣ್ ಎಂದಿತು. ಎಲ್ಲರೂ ಬಗ್ಗಿ ನೋಡಿದೆವು.

ಒಂದು.

“ಮೂರಕ್ಕೆ ಎರಡು” ಎಂದೆ ನಾನು.

ಭಾವನವರು ಲಾಕೆಟ್ಟನ್ನು ಹೊರಗೆ ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸುತ್ತ, ನನ್ನ ಕಡೆ ಕಾರಿನ ಕೀ ತಳ್ಳಿದರು.